ಪ್ರೊಪೊಸಿಷನಲ್ ಲಾಜಿಕ್ ಆನ್‌ಲೈನ್ ಕೋರ್ಸ್: ಪಾಠ ಚೆನ್ನಾಗಿದೆ, ಜಾಹೀರಾತು ಜಾಸ್ತಿಯಾಯಿತು

ನೇರವಾಗಿ ಹೇಳಿಬಿಡುತ್ತೇನೆ, 5ಕ್ಕೆ 3 ಸ್ಟಾರ್. ಕಲಿಸುವುದನ್ನು ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಕಲಿತದ್ದು ಎಲ್ಲಿಯವರೆಗೆ ಕೆಲಸಕ್ಕೆ ಬರುತ್ತದೆ ಅನ್ನೋದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಇಡೀ ವಾಕ್ಯಗಳನ್ನು ಜೋಡಿಸಿ ವಾದಗಳನ್ನು ಪರೀಕ್ಷಿಸುವ ತರ್ಕವೇ ಪ್ರೊಪೊಸಿಷನಲ್ ಲಾಜಿಕ್. ಭಾಷೆಯ ತತ್ವಶಾಸ್ತ್ರ ಓದಲು ಹೊರಟವರಿಗೆ ಅದೇ ಅಡಿಪಾಯ ಅಂತ ಹೇಳಿ ಕೊಡುವ ಕೋರ್ಸ್ ಇದು. ನಮ್ಮ ಪಾಡಿಗೆ ನಾವು ಕಲಿಯುವಂಥದ್ದು. ವಿಡಿಯೋ ಪಾಠ, ಅಭ್ಯಾಸ, ಉತ್ತರ ಟೈಪ್ ಮಾಡಿದ ಕೂಡಲೇ ಹಸಿರು ಇಲ್ಲವೇ ಕೆಂಪು ತೋರಿಸುವ ಚೆಕ್ಕರ್, ಕೊನೆಗೊಂದು ಪರೀಕ್ಷೆ. ಪರಿಚಯದ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ದಿನಬಳಕೆಯ ಯಾವ ವಾಕ್ಯವನ್ನಾದರೂ ತರ್ಕಕ್ಕೆ ಇಳಿಸುವುದನ್ನು ಕಲಿಯಿರಿ. ನನ್ನ ತಕರಾರೆಲ್ಲ ಆ 'ಯಾವ ವಾಕ್ಯವನ್ನಾದರೂ' ಅನ್ನೋದರ ಮೇಲೆ.

ಮೊದಲು ಒಳ್ಳೆಯದು. ಆರಂಭದ ಘಟಕಗಳು ನಿಜಕ್ಕೂ ಸೊಗಸಾಗಿವೆ. ಒಂದು ಇಡೀ ವಾಕ್ಯಕ್ಕೆ ಕ ಅಂತ ಹೆಸರಿಡಿ, ಇನ್ನೊಂದಕ್ಕೆ ಖ ಅಂತ ಇಡಿ. ಒಳಗೆ ಏನಿದೆ ಅಂತ ನೋಡಲು ಹೋಗಬೇಡಿ, ನಿಜವೋ ಸುಳ್ಳೋ ಅಷ್ಟೇ ಸಾಕು. ಇಂಥ ವಾಕ್ಯಗಳನ್ನು 'ಅಲ್ಲ', 'ಮತ್ತು', 'ಅಥವಾ', 'ಹೀಗಾದರೆ ಹಾಗೆ', 'ಹೀಗಾದರೆ, ಹೀಗಾದರೆ ಮಾತ್ರ, ಹಾಗೆ' ಎಂಬ ಐದು ಜೋಡಣೆಯ ಪದಗಳಿಂದ, ಅಂದರೆ ಕನೆಕ್ಟಿವ್‌ಗಳಿಂದ ಜೋಡಿಸುತ್ತಾ ಹೋದರೆ ಎಷ್ಟು ದೂರ ಹೋಗಬಹುದು ಅನ್ನೋದನ್ನು ಬಹಳ ತಾಳ್ಮೆಯಿಂದ ತೋರಿಸುತ್ತಾರೆ. ಇಡೀ ವಾಕ್ಯಗಳ ಮಟ್ಟದಲ್ಲೇ ವಾದಗಳನ್ನು ಪರೀಕ್ಷಿಸುವ ಈ ಕೆಲಸ ಕ್ರಿಸ್ತಪೂರ್ವ 3ನೇ ಶತಮಾನದ ಸ್ಟೋಯಿಕ್ ಪಂಥದ ಗ್ರೀಕ್ ತತ್ವಜ್ಞಾನಿ ಕ್ರಿಸಿಪ್ಪಸ್‌ನಷ್ಟು ಹಳೆಯದು ಎಂಬುದನ್ನೂ ಹೇಳುತ್ತಾರೆ. 1921ರಲ್ಲಿ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಮತ್ತು ತರ್ಕಶಾಸ್ತ್ರಜ್ಞ ಎಮಿಲ್ ಪೋಸ್ಟ್ ಬೇರೆಬೇರೆಯಾಗಿ, ಬಿಡಿವಾಕ್ಯಗಳ ನಿಜ-ಸುಳ್ಳಿನ ಒಂದೊಂದು ಸಂದರ್ಭಕ್ಕೂ ಇಡೀ ವಾಕ್ಯ ನಿಜವೋ ಸುಳ್ಳೋ ಎಂದು ಸಾಲುಸಾಲಾಗಿ ಬರೆಯುವ ಟ್ರುತ್ ಟೇಬಲ್‌ಗಳನ್ನು ಮುಂದಿಟ್ಟದ್ದೂ ಬರುತ್ತದೆ. ಎರಡು ವಾಕ್ಯ ಇದ್ದರೆ ನಾಲ್ಕು ಸಾಲು, ಆ ನಾಲ್ಕು ಸಾಲುಗಳನ್ನು ತುಂಬಲು ಒಟ್ಟು 16 ದಾರಿ, ಆ 16ನ್ನೂ ಒಂದೇ ಒಂದು ಕನೆಕ್ಟಿವ್‌ನಿಂದ ಕಟ್ಟಬಹುದು ಅಂತ 1913ರಲ್ಲಿ ತರ್ಕಶಾಸ್ತ್ರಜ್ಞ ಶೆಫರ್ ತೋರಿಸಿದ್ದು. ಈ ಪಾಠ ನೋಡಿದಾಗ ನನಗೆ ಖುಷಿಯೇ ಆಯಿತು.

ಬ್ರಾಕೆಟ್ ಪಾಠವೂ ಅಷ್ಟೇ ಚೆನ್ನಾಗಿದೆ. 'ಬ್ಯಾಟರಿ ಮುಗಿದರೆ ಅಥವಾ ಕರೆಂಟ್ ಹೋದರೆ ಮತ್ತು ಬ್ಯಾಕಪ್ ಇಲ್ಲದಿದ್ದರೆ ಫೈಲ್ ಹಾಳಾಗುತ್ತದೆ.' ಬ್ಯಾಕಪ್ ಇದ್ದು ಬ್ಯಾಟರಿ ಮುಗಿದರೆ ಫೈಲ್ ಉಳಿಯುತ್ತದೋ ಇಲ್ಲವೋ? ವಾಕ್ಯ ಎರಡಕ್ಕೂ ಜಾಗ ಕೊಡುತ್ತದೆ. ಬ್ರಾಕೆಟ್ ಹಾಕಿದ ಕ್ಷಣ ಒಂದನ್ನು ಆರಿಸಿಕೊಳ್ಳಲೇಬೇಕು. ಕರಾರುಪತ್ರ, ನಿಯಮಾವಳಿ ಬರೆಯುವವರೆಲ್ಲ ಈ ಒಂದು ಪಾಠವನ್ನಾದರೂ ನೋಡಬೇಕು.

ಇಲ್ಲಿಯವರೆಗೆ ಸರಿ. ಎಡವಟ್ಟು ಆಗುವುದು 'ಪೂರ್ಣತೆ' ಎಂಬ ಪಾಠದಲ್ಲಿ. ಯಾವ ಟ್ರುತ್ ಟೇಬಲ್ ಕೊಟ್ಟರೂ ಈ ಕನೆಕ್ಟಿವ್‌ಗಳಿಂದ ಅದನ್ನು ಕಟ್ಟಬಹುದು. ಇದು ಸಾಬೀತಾದ ವಿಷಯ, ಅನುಮಾನವೇ ಇಲ್ಲ. ಆದರೆ ಅದರ ಮರುಕ್ಷಣವೇ ಮೇಷ್ಟ್ರು 'ಅಂದರೆ ನಮ್ಮ ಹತ್ತಿರ ಈಗ ಹೇಳಲು ಬೇಕಾದ ಎಲ್ಲವೂ ಇದೆ' ಎಂದುಬಿಡುತ್ತಾರೆ. ಹಾಗಲ್ಲ. ಟ್ರುತ್ ಟೇಬಲ್ ಇರುವುದನ್ನೆಲ್ಲ ಹೇಳಬಹುದು, ಅಷ್ಟೇ. ಟ್ರುತ್ ಟೇಬಲ್ಲೇ ಇಲ್ಲದ ಜೋಡಣೆಗಳು ನಮ್ಮ ಮಾತಿನಲ್ಲಿ ರಾಶಿ ಬಿದ್ದಿವೆ. ಅವುಗಳ ಬಗ್ಗೆ ಈ ಸಾಬೀತು ತುಟಿ ಪಿಟಕ್ಕೆನ್ನುವುದಿಲ್ಲ. ಅಳತೆ ಟೇಪಿನಲ್ಲಿ ಯಾವ ಉದ್ದ ಬೇಕಾದರೂ ಅಳೆಯಬಹುದು ಅಂತ ತೋರಿಸಿ, ಇನ್ನು ತಕ್ಕಡಿ ಬೇಡ ಅಂದಹಾಗಾಯಿತು.

ಇದು ಸುಮ್ನೆ ತಾತ್ವಿಕ ಗೊಣಗಾಟ ಅಲ್ಲ, ಅಭ್ಯಾಸದಲ್ಲೇ ಕಾಲಿಗೆ ತೊಡರುತ್ತದೆ. ಒಂದು ಪ್ರಶ್ನೆ ಹೀಗಿತ್ತು: 'ರಸ್ತೆ ಒದ್ದೆಯಾಗಿದೆ, ಏಕೆಂದರೆ ರಾತ್ರಿ ಮಳೆ ಬಂದಿದೆ.' ಇದನ್ನು ಸಂಕೇತಕ್ಕೆ ಇಳಿಸಿ. ನಾನು ಇಡೀ ವಾಕ್ಯಕ್ಕೆ ಒಂದೇ ಅಕ್ಷರ ಹಾಕಿದೆ. ಕೆಂಪು. ಸರಿ ಉತ್ತರ ಅಂತ ತೋರಿಸಿದ್ದು 'ಕ ಮತ್ತು ಖ'.

ಈಗ ವಾಕ್ಯವನ್ನು ತಿರುಗಿಸಿ ನೋಡಿ. 'ರಾತ್ರಿ ಮಳೆ ಬಂದಿದೆ, ಏಕೆಂದರೆ ರಸ್ತೆ ಒದ್ದೆಯಾಗಿದೆ.' ಕಾರಣ ಹೇಳುವ ವಾಕ್ಯವಾಗಿ ಇದು ತಪ್ಪು, ರಸ್ತೆ ಒದ್ದೆಯಾಗಿದ್ದು ಮಳೆ ತರಿಸುವುದಿಲ್ಲ. ಎರಡು ವಾಕ್ಯಗಳಲ್ಲೂ ಬಿಡಿಭಾಗಗಳು ಅವೇ, ಎರಡೂ ನಿಜ. ಟೇಬಲ್‌ನಲ್ಲಿ ನಾವಿರುವುದು ಎರಡೂ ಸಲ ಒಂದೇ ಸಾಲಿನಲ್ಲಿ, 'ನಿಜ, ನಿಜ' ಅನ್ನುವ ಸಾಲಿನಲ್ಲಿ. ಆದರೆ ಒಂದು ವಾಕ್ಯ ನಿಜ, ಇನ್ನೊಂದು ಸುಳ್ಳು. ಟೇಬಲ್‌ನ ಒಂದು ಸಾಲಿಗೆ ಎರಡು ಉತ್ತರ ಇರುವ ಹಾಗಿಲ್ಲ ಅಲ್ವಾ? ಹಾಗಾಗಿ 'ಏಕೆಂದರೆ'ಗೆ ಟೇಬಲ್ ಬರೆಯಲು ಆಗುವುದೇ ಇಲ್ಲ. ಆ 16ರಲ್ಲಿ ಯಾವುದೂ ಹೊಂದುವುದಿಲ್ಲ, ಎಷ್ಟು ಬ್ರಾಕೆಟ್ ಹಾಕಿದರೂ ಹೊಂದುವುದಿಲ್ಲ. 'ಕ ಮತ್ತು ಖ' ಪೂರ್ತಿ ತಪ್ಪು ಅಂತಲೂ ಅಲ್ಲ, ಮೂಲ ವಾಕ್ಯ ನಿಜವಾದರೆ ಅದೂ ನಿಜವೇ. ಆದರೆ ವಾಕ್ಯ ಹೇಳಲು ಹೊರಟಿದ್ದ ಮುಖ್ಯ ಸಂಗತಿಯೇ ಉದುರಿಹೋಯಿತು. ಇದನ್ನೆಲ್ಲ ಬರೆದು ಸಹಾಯ ವಿಭಾಗಕ್ಕೆ ಮೇಲ್ ಹಾಕಿದೆ. 'ನಿಮ್ಮ ಉತ್ತರ ನಮ್ಮ ಮಾದರಿ ಉತ್ತರಕ್ಕೆ ಹೊಂದಿಕೆಯಾಗಿಲ್ಲ' ಅಂತ ಜವಾಬು ಬಂತು. ಅದು ನನಗೂ ಗೊತ್ತಿತ್ತು.

ಇನ್ನು 'ಹೀಗಾದರೆ ಹಾಗೆ' ಘಟಕ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಭಾಷೆಯ ತತ್ವಶಾಸ್ತ್ರದಲ್ಲಿ ಅತಿ ಹೆಚ್ಚು ಜಗಳ ನಡೆದಿರುವುದು ಇಲ್ಲೇ. ಪ್ರೊಪೊಸಿಷನಲ್ ಲಾಜಿಕ್‌ನಲ್ಲಿ 'ಕ ಆದರೆ ಖ' ಸುಳ್ಳಾಗುವುದು ಒಂದೇ ಸಂದರ್ಭದಲ್ಲಿ: ಕ ನಿಜವಾಗಿದ್ದು ಖ ಸುಳ್ಳಾಗಿದ್ದಾಗ. ಮಿಕ್ಕ ಮೂರು ಸಾಲುಗಳಲ್ಲೂ ಅದು ನಿಜ. ಈ ವ್ಯಾಖ್ಯಾನ ಮೆಗಾರಾದ ಫಿಲೊ ಎಂಬ ಗ್ರೀಕನದ್ದು. ಅವನ ಕಾಲದಲ್ಲೇ ಅವನ ಗುರು ಡಯೊಡೋರಸ್ ಇದನ್ನು ಒಪ್ಪಿರಲಿಲ್ಲ. ಚರ್ಚೆ ಎಷ್ಟು ಜೋರಾಗಿತ್ತೆಂದರೆ, ಯಾವ 'ಆದರೆ' ವಾಕ್ಯ ಸರಿ ಅಂತ ಮಾಡಿನ ಮೇಲಿನ ಕಾಗೆಗಳೂ ಕೂಗುತ್ತಿವೆ ಎಂದು ಕವಿ ಕ್ಯಾಲಿಮಾಕಸ್ ಲೇವಡಿ ಮಾಡಿದ್ದ. ಕೋರ್ಸ್‌ನಲ್ಲಿ ಈ ಕಾಗೆಗಳ ಸುದ್ದಿಯೇ ಇಲ್ಲ. ಟೇಬಲ್ ತೋರಿಸಿ, 'ಮೊದಲು ವಿಚಿತ್ರ ಅನಿಸಬಹುದು, ಆಮೇಲೆ ಅಭ್ಯಾಸವಾಗುತ್ತದೆ' ಎಂದು ಮುಂದೆ ಹೋಗಿಬಿಡುತ್ತಾರೆ.

ಅಭ್ಯಾಸವಾಗುವ ವಿಷಯ ಅಲ್ಲ ಇದು. ಮೇಜಿನ ಮೇಲೆ ಒಂದು ಲೋಟ ಇದೆ ಅಂದುಕೊಳ್ಳಿ, ಬಿದ್ದಿಲ್ಲ, ಸುಮ್ಮನೆ ನಿಂತಿದೆ. ಯಾರೋ ಬಂದು 'ಈ ಲೋಟ ಬಿದ್ದರೆ ಚಂದ್ರನೂ ಬೀಳುತ್ತಾನೆ' ಅಂತಾರೆ. ನೀವು 'ಸುಳ್ಳು' ಅಂತೀರಿ, ಯಾರಾದರೂ ಹಾಗೇ ಅನ್ನೋದು. ಈಗ ಟೇಬಲ್ ನೋಡಿ. ಆ ವಾಕ್ಯ ಸುಳ್ಳಾಗಬೇಕಾದರೆ ಇರುವುದು ಒಂದೇ ಸಾಲು, ಲೋಟ ಬಿದ್ದಿರಬೇಕು, ಚಂದ್ರ ಬಿದ್ದಿರಬಾರದು. ಅಂದರೆ 'ಸುಳ್ಳು' ಎಂದ ತಪ್ಪಿಗೆ ಲೋಟ ಬಿದ್ದಿದೆ ಅಂತಲೂ ನೀವು ಒಪ್ಪಬೇಕು. ಲೋಟ ಕಣ್ಣೆದುರಿಗೇ ಇದೆ! ಚೆಕ್ಕರ್‌ನಲ್ಲಿ ಇದನ್ನೇ ಹಾಕಿ ನೋಡಿದೆ. ಆಧಾರವಾಕ್ಯ: 'ಕ ಆದರೆ ಖ' ಅಲ್ಲ. ತೀರ್ಮಾನ: ಕ. ಹಸಿರು ಬಂತು, ಸರಿಯಾದ ವಾದವಂತೆ.

ಇನ್ನೊಂದು ತಮಾಷೆ. ಸಂಬಂಧವೇ ಇಲ್ಲದ ಯಾವುದೇ ಎರಡು ವಾಕ್ಯ ತೆಗೆದುಕೊಳ್ಳಿ. 'ಕ ಆದರೆ ಖ, ಅಥವಾ ಖ ಆದರೆ ಕ.' ನಾಲ್ಕು ಸಾಲೂ ತುಂಬಿ ನೋಡಿ, ಎಲ್ಲದರಲ್ಲೂ ನಿಜ. ಅಂದರೆ ಭೂಮಿ ಚಪ್ಪಟೆಯಾಗಿದ್ದರೆ ನನಗೆ ಕೆಲಸ ಸಿಗುತ್ತದೆ, ಇಲ್ಲವೇ ನನಗೆ ಕೆಲಸ ಸಿಕ್ಕರೆ ಭೂಮಿ ಚಪ್ಪಟೆಯಾಗಿದೆ. ಎರಡರಲ್ಲಿ ಒಂದಾದರೂ ನಿಜವಾಗಲೇಬೇಕು ಅನ್ನುತ್ತದೆ ಟೇಬಲ್.

ನಡೆಯದೇ ಇದ್ದದ್ದರ ಬಗ್ಗೆ ಮಾತಾಡುವಾಗ ಅವಸ್ಥೆ ಇನ್ನೂ ಕೆಡುತ್ತದೆ. 'ಅಣೆಕಟ್ಟು ಒಡೆದಿದ್ದರೆ ಕೆಳಗಿನ ಹೊಲಗಳು ಮುಳುಗುತ್ತಿದ್ದವು' ನಿಜ. 'ಅಣೆಕಟ್ಟು ಒಡೆದಿದ್ದರೆ ಕೆಳಗಿನ ಹೊಲಗಳು ಒಣಗುತ್ತಿದ್ದವು' ಸುಳ್ಳು. ಅಣೆಕಟ್ಟು ಒಡೆದಿಲ್ಲವಾದ್ದರಿಂದ ಟೇಬಲ್‌ಗೆ ಎರಡೂ ಒಂದೇ, ಎರಡೂ ನಿಜ. ಕಾನೂನಿನಲ್ಲಿ ಹೊಣೆ ಯಾರದ್ದು ಅಂತ ಕೇಳುವಾಗ, ವಿಜ್ಞಾನದಲ್ಲಿ ಕಾರಣ ಹುಡುಕುವಾಗ, ಪಶ್ಚಾತ್ತಾಪ ಪಡುವಾಗ ನಾವು ಬಳಸುವುದೆಲ್ಲ ಇಂಥ ವಾಕ್ಯಗಳನ್ನೇ. ಇವುಗಳನ್ನು ಹಿಡಿಯಲು 1968ರಲ್ಲಿ ಸ್ಟಾಲ್ನೇಕರ್, 1973ರಲ್ಲಿ ಡೇವಿಡ್ ಲೂಯಿಸ್ ಎಂಬ ತತ್ವಜ್ಞಾನಿಗಳು ಬೇರೆಯದೇ ದಾರಿ ಹಾಕಿದರು: ಕ ನಿಜವಾಗಿರುವ, ಮಿಕ್ಕಂತೆ ನಮ್ಮ ಲೋಕಕ್ಕೆ ಬಹಳ ಹತ್ತಿರವಾದ ಕಲ್ಪಿತ ಲೋಕಗಳಲ್ಲಿ ಖ ನಿಜವೇ ಅಂತ ನೋಡುವುದು. ಅದರ ಸುಳಿವನ್ನಾದರೂ ಕೊಡಬಹುದಿತ್ತು.

ಕೋರ್ಸ್ ಪರವಾಗಿ ಒಂದು ಮಾತು ಹೇಳಲೇಬೇಕು, ಅದನ್ನು ಅವರೇ ಹೇಳಿಕೊಂಡಿಲ್ಲ ಅನ್ನೋದು ಬೇರೆ. 1952ರಲ್ಲಿ ತತ್ವಜ್ಞಾನಿ ಸ್ಟ್ರಾಸನ್, ತರ್ಕದ ಕನೆಕ್ಟಿವ್‌ಗಳಿಗೂ ನಮ್ಮ ಮಾತಿನ ಪದಗಳಿಗೂ ಅರ್ಥದಲ್ಲೇ ವ್ಯತ್ಯಾಸ ಇದೆ ಎಂದು ವಾದಿಸಿದರು. 1967ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ಇನ್ನೊಬ್ಬ ತತ್ವಜ್ಞಾನಿ ಗ್ರೈಸ್ ಇದಕ್ಕೆ ಒಳ್ಳೆ ಉತ್ತರ ಕೊಟ್ಟರು. 'ಮಾತ್ರೆ ನುಂಗಿದ ಮತ್ತು ಹುಷಾರಾದ' ಅಂದರೆ ಮೊದಲು ಮಾತ್ರೆ, ಆಮೇಲೆ ಹುಷಾರು ಅಂತ ನಮಗೆ ಕೇಳಿಸುತ್ತದೆ. ಟೇಬಲ್‌ನಲ್ಲಿ ಆ ಕ್ರಮ ಇಲ್ಲ. ಗ್ರೈಸ್ ಪ್ರಕಾರ ಕ್ರಮ ಪದದ ಅರ್ಥದಲ್ಲಿ ಇಲ್ಲ. ಮಾತಾಡುವವರು ಅಡ್ಡಾದಿಡ್ಡಿ ಹೇಳುವುದಿಲ್ಲ ಎಂಬ ನಂಬಿಕೆಯಿಂದ ಕೇಳುವವರೇ ಅದನ್ನು ಊಹಿಸುತ್ತಾರೆ. ಬೇಕಾದರೆ ಆ ಊಹೆಯನ್ನು ರದ್ದು ಮಾಡಬಹುದು: 'ಆದರೆ ಯಾವುದು ಮೊದಲು ಅಂತ ಗೊತ್ತಿಲ್ಲ' ಅಂತ ಸೇರಿಸಿದರೆ ವಿರೋಧವೇನೂ ಬರುವುದಿಲ್ಲ. 'ಬಡವ, ಆದರೆ ಪ್ರಾಮಾಣಿಕ' ಮತ್ತು 'ಬಡವ ಮತ್ತು ಪ್ರಾಮಾಣಿಕ' ಇವೆರಡಕ್ಕೂ ಒಂದೇ ಟೇಬಲ್ ಅಂದಾಗ ತಲೆ ಕೆರೆದುಕೊಳ್ಳುವವರಿಗೂ ಸುಮಾರಾಗಿ ಇದೇ ಸಮಾಧಾನ. ನಿಜವೋ ಸುಳ್ಳೋ ಅನ್ನೋದು ಬದಲಾಗುವುದಿಲ್ಲ, ಬಡವರ ಬಗ್ಗೆ ಮಾತಾಡುವವನ ಮನಸ್ಸಿನಲ್ಲಿ ಏನಿದೆ ಅನ್ನೋದು ಹೊರಗೆ ಬರುತ್ತದೆ ಅಷ್ಟೇ.

'ಮತ್ತು', 'ಅಥವಾ' ವಿಷಯದಲ್ಲಿ ಗ್ರೈಸ್ ಗೆದ್ದರು ಅಂತಲೇ ನನ್ನ ಲೆಕ್ಕ. 'ಹೀಗಾದರೆ ಹಾಗೆ' ವಾಕ್ಯಗಳಲ್ಲಿ ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಾರೆ. ಲೋಟದ ಉದಾಹರಣೆಯಲ್ಲಿ ನೀವು ಆ ವಾಕ್ಯ ಹೇಳಲು ಸೂಕ್ತ ಅಲ್ಲ ಅಂತಿಲ್ಲ, ಸುಳ್ಳು ಅಂತಿದ್ದೀರಿ. ನಿರಾಕರಣೆಯ ಒಳಗೆ ಹೋಗಿ ಕೂತ ವ್ಯತ್ಯಾಸವನ್ನು ಮಾತಿನ ಶಿಷ್ಟಾಚಾರ ಅಂತ ಹೇಳಿ ತೇಲಿಸಲು ಆಗುವುದಿಲ್ಲ. ಇಂಥ ಒಂದು ಚರ್ಚೆ ಇಟ್ಟಿದ್ದರೆ ಈ ಘಟಕಕ್ಕೆ ನಾನೇ ಪೂರ್ತಿ ಅಂಕ ಕೊಡುತ್ತಿದ್ದೆ.

ಈವರೆಗಿನದ್ದು ವಾಕ್ಯಗಳ ನಡುವಿನ ತೊಂದರೆ. ವಾಕ್ಯದ ಒಳಗಿನದ್ದು ಇದಕ್ಕಿಂತ ದೊಡ್ಡದು. ಎಲ್ಲ ಸಮಸಂಖ್ಯೆಗಳೂ ಎರಡರಿಂದ ಭಾಗವಾಗುತ್ತವೆ. 14 ಸಮಸಂಖ್ಯೆ. ಆದ್ದರಿಂದ 14 ಎರಡರಿಂದ ಭಾಗವಾಗುತ್ತದೆ. ಇದಕ್ಕಿಂತ ಗಟ್ಟಿ ವಾದ ಬೇಕಾ? ಚೆಕ್ಕರ್‌ಗೆ ಹಾಕಿದರೆ ಇದು ಕ, ಖ, ಆದ್ದರಿಂದ ಗ ಆಗುತ್ತದೆ. ಕ ನಿಜ, ಖ ನಿಜ, ಗ ಸುಳ್ಳು ಎಂಬ ಸಾಲು ಟೇಬಲ್‌ನಲ್ಲಿ ಇದ್ದೇ ಇದೆ. ತೀರ್ಪು: ತಪ್ಪು ವಾದ. ಖ ಒಳಗಿನ 14 ಮತ್ತು ಗ ಒಳಗಿನ 14 ಒಂದೇ ಅಂತ ಟೇಬಲ್‌ಗೆ ತಿಳಿಯುವ ದಾರಿಯೇ ಇಲ್ಲ. ವಾಕ್ಯವನ್ನು ಅಕ್ಷರ ಮಾಡಿದ ಕ್ಷಣವೇ ಒಳಗಿನದ್ದಕ್ಕೆ ಬೀಗ ಬಿತ್ತು. ಅರಿಸ್ಟಾಟಲ್ ಕಾಲದಿಂದ ತರ್ಕ ಅಂದರೆ ಜನ ನೆನೆಸಿಕೊಳ್ಳುವ ವಾದದ ಜಾತಿಯೇ ಇದು. ಅದನ್ನೇ ಗುರುತಿಸಲಾಗದ ಯಂತ್ರದ ಮೇಲೆ 'ವಾದಗಳನ್ನು ಪರೀಕ್ಷಿಸಿ' ಅಂತ ಬಟನ್ ಇಟ್ಟಿದ್ದಾರೆ.

ಇದಕ್ಕೊಂದು ಉಪಾಯವನ್ನು ಐಚ್ಛಿಕ ವಿಡಿಯೋದಲ್ಲಿ ಹೇಳಿದ್ದಾರೆ. 'ಎಲ್ಲರೂ ಬಂದರು' ಅಂದರೆ ಇವಳು ಬಂದಳು ಮತ್ತು ಅವನು ಬಂದನು ಮತ್ತು ಇನ್ನೊಬ್ಬರು ಬಂದರು, ಹೀಗೆ ಸೇರಿಸುತ್ತಾ ಹೋಗಿ ಅಂತ. ಒಂದು ಕೋಣೆಯಲ್ಲಿ ಕೂತವರ ಮಟ್ಟಿಗೆ ನಡೆಯುತ್ತದೆ. ಆದರೆ ಪಟ್ಟಿ ಮುಗಿದ ಮೇಲೆ 'ಇಷ್ಟೇ ಜನ, ಬೇರೆ ಯಾರೂ ಇಲ್ಲ' ಅಂತ ಸೇರಿಸಬೇಕಲ್ಲ, ಆ ಮಾತಿನಲ್ಲೇ ಮತ್ತೆ 'ಎಲ್ಲ' ಬಂತು. ಸಮಸಂಖ್ಯೆಗಳ ವಿಷಯದಲ್ಲಂತೂ ಪಟ್ಟಿ ಮುಗಿಯುವುದೇ ಇಲ್ಲ.

ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನದ ಬೆಟ್ಟದ ಹೊಗೆಯ ಉದಾಹರಣೆಯನ್ನೂ ಇಲ್ಲಿ ಎಳೆದು ತಂದಿದ್ದಾರೆ. ತಂದದ್ದು ಒಳ್ಳೆಯದೇ, ಆದರೆ ಅದನ್ನು 'ಬೆಟ್ಟದಲ್ಲಿ ಹೊಗೆ ಇದ್ದರೆ ಬೆಟ್ಟದಲ್ಲಿ ಬೆಂಕಿ ಇದೆ, ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ' ಅಂತ ಎರಡು ಅಕ್ಷರಗಳ ವಾದ ಮಾಡಿ ಮುಗಿಸಿದ್ದಾರೆ. ಅಲ್ಲಿ ಜೀವಾಳವೇ ವ್ಯಾಪ್ತಿ: ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಅಡುಗೆಮನೆಯಲ್ಲಿ ಹೊಗೆ, ಬೆಂಕಿ ಎರಡನ್ನೂ ಒಟ್ಟಿಗೇ ಕಂಡಿದ್ದೇವಲ್ಲ ಎಂಬ ದೃಷ್ಟಾಂತ ಬರುವುದೂ ಅದಕ್ಕೇ. ಕ ಅಂದರೆ ಬರೀ ಬೆಟ್ಟದ ಹೊಗೆ ಅಂತಾದರೆ ಅಡುಗೆಮನೆಗೆ ಅಲ್ಲಿ ಕೆಲಸವೇ ಇಲ್ಲ.

ಈ ಬೀಗ ತೆಗೆದದ್ದು 1879ರಲ್ಲಿ ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆ, 'ಎಲ್ಲ', 'ಕೆಲವು' ಎಂಬುದಕ್ಕೆ ಸಂಕೇತಗಳಾದ ಕ್ವಾಂಟಿಫೈಯರ್‌ಗಳನ್ನು ತಂದು. 'ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪುಸ್ತಕ ಓದಿದ್ದಾನೆ' ಅಂದಾಗ ಎಲ್ಲರೂ ಓದಿದ್ದು ಒಂದೇ ಪುಸ್ತಕವೋ, ಒಬ್ಬೊಬ್ಬರು ಒಂದೊಂದೋ? ಕ್ವಾಂಟಿಫೈಯರ್ ಇದ್ದರೆ ಯಾವುದು ಮೊದಲು ಬರುತ್ತದೆ ಅನ್ನೋದರಲ್ಲೇ ಎರಡು ಅರ್ಥ ಬೇರೆಯಾಗುತ್ತವೆ. ಪ್ರೊಪೊಸಿಷನಲ್ ಲಾಜಿಕ್‌ನಲ್ಲಿ ಎರಡಕ್ಕೂ ಕ, ಮುಗಿಯಿತು.

ಇನ್ನು 'ಮಳೆ ಬರಬಹುದು', 'ನಿನ್ನೆ ಬಂದಿತ್ತು', 'ಬರುತ್ತದೆ ಅಂತ ಅವಳು ನಂಬಿದ್ದಾಳೆ' ಇವೆಲ್ಲ ಒಂದೇ ಬುಟ್ಟಿಗೆ. ಮಳೆ ಬರುತ್ತದೆ ಅನ್ನೋದು ನಿಜವೋ ಸುಳ್ಳೋ ಅಂತ ತಿಳಿದ ಮಾತ್ರಕ್ಕೆ ಅವಳ ನಂಬಿಕೆ ಏನು ಅಂತ ಲೆಕ್ಕ ಹಾಕಲು ಬರುವುದಿಲ್ಲ. ಸಾಧ್ಯತೆಗೆ ಕ್ರಿಪ್ಕಿ, ಕಾಲಕ್ಕೆ ಪ್ರಯರ್ ಎಂಬ ತರ್ಕಶಾಸ್ತ್ರಜ್ಞರು ಹೊಸ ಸಂಕೇತಗಳ, ಅಂದರೆ ಆಪರೇಟರ್‌ಗಳ ತರ್ಕ ಬೆಳೆಸಬೇಕಾಗಿ ಬಂದದ್ದು ಸುಮ್ನೆ ಅಲ್ಲ. 'ಬಾಗಿಲು ಹಾಕು' ಎಂಬಂಥ ಆಜ್ಞೆಗಳು, ಪ್ರಶ್ನೆಗಳು ನಿಜವೂ ಅಲ್ಲ ಸುಳ್ಳೂ ಅಲ್ಲ, ಅವು ಬಾಗಿಲಲ್ಲೇ ನಿಲ್ಲುತ್ತವೆ. ಕೋರ್ಸ್ ಇದನ್ನು ಒಂದು ಸ್ಲೈಡ್‌ನಲ್ಲಿ ಒಪ್ಪಿಕೊಂಡಿದೆ, ಅದೊಂದು ಸಮಾಧಾನ.

ಇಷ್ಟೆಲ್ಲ ಬೈದ ಮೇಲೂ 3 ಸ್ಟಾರ್ ಯಾಕೆ ಅಂತ ಕೇಳಬಹುದು. ಈ ತರ್ಕದ ಬಡತನವೇ ಅದರ ದೊಡ್ಡ ಗುಣ, ಅದಕ್ಕೆ. ಟ್ರುತ್ ಟೇಬಲ್ ಯಾವತ್ತಾದರೂ ಮುಗಿಯುತ್ತದೆ. ಯಾವ ವಾದ ಕೊಟ್ಟರೂ ಸರಿಯೋ ತಪ್ಪೋ ಅಂತ ಯಂತ್ರವೇ ಹೇಳಿಬಿಡಬಹುದು. ಸಂಬಂಧಗಳನ್ನೂ 'ಎಲ್ಲ', 'ಕೆಲವು'ಗಳನ್ನೂ ಸೇರಿಸಿಕೊಂಡ ಪ್ರೆಡಿಕೇಟ್ ಲಾಜಿಕ್‌ಗೆ ಅಂಥ ಸಾರ್ವತ್ರಿಕ ವಿಧಾನವೇ ಇಲ್ಲ ಎಂದು 1936ರಲ್ಲಿ ಚರ್ಚ್ ಮತ್ತು ಟ್ಯೂರಿಂಗ್ ತೋರಿಸಿದರು. ಜಾಸ್ತಿ ಹೇಳಲು ಹೊರಟರೆ ಈ ಖಾತ್ರಿಯನ್ನು ಬಿಡಬೇಕು. ಈ ವಿನಿಮಯ ಎಷ್ಟು ಕುತೂಹಲಕರ! ಮುಖಪುಟದಲ್ಲಿ ಹಾಕಬೇಕಾದದ್ದು ಇದನ್ನು, ಹಾಕಿರುವುದು 'ಯಾವ ವಾಕ್ಯವನ್ನಾದರೂ'. 1937ರಲ್ಲಿ ಎಂಜಿನಿಯರ್ ಶಾನನ್ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಇದೇ ನಿಜ-ಸುಳ್ಳಿನ ಬೀಜಗಣಿತವನ್ನು ಸ್ವಿಚ್‌ಗಳಿಗೆ ಹೊಂದಿಸಿದ್ದು ಸಾಧ್ಯವಾದದ್ದೂ ಹೀಗೆಯೇ, ಸ್ವಿಚ್‌ಗೆ ಒಳಗೆ ನೋಡುವ ಅಗತ್ಯವೇ ಇಲ್ಲ, ಆನ್ ಅಥವಾ ಆಫ್. ಮುಗಿಯುತ್ತದೆ ಅಂದರೆ ಬೇಗ ಮುಗಿಯುತ್ತದೆ ಅಂತಲ್ಲ, ಅದೂ ಗೊತ್ತಿರಲಿ. 10 ಅಕ್ಷರಕ್ಕೆ 1,024 ಸಾಲು, 20 ಅಕ್ಷರಕ್ಕೆ 10,48,576.

ತಾಂತ್ರಿಕ ವಿಷಯಗಳು: ಫೋನಿನಲ್ಲಿ ಸಂಕೇತ ಟೈಪ್ ಮಾಡುವುದು ಹಿಂಸೆ, ಕೀಬೋರ್ಡ್ ತೆರೆದರೆ ಬ್ರಾಕೆಟ್ ಬಟನ್ ಅದರ ಕೆಳಗೆ ಮರೆಯಾಗುತ್ತದೆ. ಲ್ಯಾಪ್‌ಟಾಪ್ ಬಳಸಿ. ವಿಡಿಯೋದ ಧ್ವನಿ ಸ್ಪಷ್ಟವಾಗಿದೆ, ವೇಗ ಹೆಚ್ಚಿಸಿಕೊಂಡು ನೋಡಿದರೂ ಅರ್ಥವಾಗುತ್ತದೆ.

ಪ್ರೋಗ್ರಾಮಿಂಗ್ ಕಡೆಯಿಂದ ಬರುವವರು ಕಣ್ಣುಮುಚ್ಚಿ ಸೇರಬಹುದು, ಅವರಿಗೆ ಇದು 5 ಸ್ಟಾರ್ ಕೋರ್ಸ್. ಭಾಷೆ, ಅರ್ಥ, ವಾದ ಅಂತ ಬರುವವರು ಬ್ರಾಕೆಟ್ ಪಾಠದವರೆಗೆ ಪೂರ್ತಿ ನೋಡಿ, ಅನುವಾದದ ಅಭ್ಯಾಸಗಳಲ್ಲಿ ಚೆಕ್ಕರ್ ಕೆಂಪು ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡನೇ ಭಾಗ ಪ್ರೆಡಿಕೇಟ್ ಲಾಜಿಕ್ ಅಂತೆ, ಅದರಲ್ಲಿ 14ರ ಸಮಸ್ಯೆ ಖಂಡಿತ ಬಗೆಹರಿಯುತ್ತದೆ. ಆದರೆ 'ಹೆಚ್ಚಿನ ವಿದ್ಯಾರ್ಥಿಗಳು ಪಾಸಾದರು' ಎಂಬ ಇಷ್ಟು ಸಾದಾ ವಾಕ್ಯವನ್ನು 'ಎಲ್ಲ' ಮತ್ತು 'ಕೆಲವು' ಇಟ್ಟುಕೊಂಡು ಆ ತರ್ಕದಲ್ಲೂ ಕಟ್ಟಲು ಬರುವುದಿಲ್ಲ, 1981ರಲ್ಲಿ ಬಾರ್‌ವೈಸ್ ಮತ್ತು ಕೂಪರ್ ಇದನ್ನು ಸಾಬೀತು ಮಾಡಿದ್ದಾರೆ. ಎರಡನೇ ಭಾಗದ ಪಠ್ಯಕ್ರಮದಲ್ಲಿ ಈ ವಿಷಯ ಇದೆಯೋ ಇಲ್ಲವೋ ನೋಡಿಕೊಂಡೇ ನಾನು ಸೇರುವುದು.